ಉಸಿರಾಡೋ ಸ್ನಾಯುಗೂ ಸುಸ್ತಾಗುತ್ತೆ, ಅದು ಗೊತ್ತಾಗೋದು ಹೇಗೆ?

ಕೇಳ್ತಾ ಇರೋವಾಗಲೇ ಹೊಟ್ಟೆ ಮೇಲೆ ಕೈ ಇಟ್ಟು ನಿಧಾನಕ್ಕೆ ಉಸಿರು ಎಳ್ಕೊಳ್ಳಿ. ಹೊಟ್ಟೆ ಮುಂದೆ ಬಂತಲ್ವಾ? ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಅನ್ನೋ ಸ್ನಾಯು ಕೆಳಗಿಳಿದಿದ್ದರಿಂದ ಹಾಗಾಯ್ತು. ನಿದ್ದೆಯಲ್ಲೂ ಅದಕ್ಕೆ ರಜೆ ಇಲ್ಲ.

ಜಿಮ್‌ನಲ್ಲಿ ಕೈ ಸೋತರೆ ಡಂಬೆಲ್ ಕೆಳಗಿಡ್ತೀವಿ. ವಪೆ ಸೋತರೆ? ಐಸಿಯುನಲ್ಲಿ ರೋಗಿಯನ್ನು ವೆಂಟಿಲೇಟರ್‌ನಿಂದ ಬಿಡಿಸುವಾಗ ವೈದ್ಯರ ಮುಂದಿರುವ ದೊಡ್ಡ ಪ್ರಶ್ನೆ ಇದು: ಈ ಸ್ನಾಯು ತಾನೇ ಕೆಲಸ ಮಾಡಿ ಎಷ್ಟು ಹೊತ್ತು ತಡ್ಕೊಳ್ಳುತ್ತೆ?

ಅದನ್ನು ಅಂದಾಜು ಮಾಡೋ ಒಂದು ದಾರಿ ಇಎಂಜಿ. ಹೃದಯಕ್ಕೆ ಇಸಿಜಿ ಇದ್ದ ಹಾಗೆ ಸ್ನಾಯುವಿಗೆ ಇದು. ಪಕ್ಕೆಲುಬಿನ ಕೆಳಭಾಗದಲ್ಲಿ ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸ್ತಾರೆ. ಇಲ್ಲವೇ ಅನ್ನನಾಳಕ್ಕೆ ತೆಳುವಾದ ಕೊಳವೆ ಇಳಿಸಿ ವಪೆಯ ಹತ್ತಿರದಿಂದಲೇ ಸಿಗ್ನಲ್ ಹಿಡೀತಾರೆ. ಆ ಸಿಗ್ನಲ್‌ನಲ್ಲಿ ವೇಗದ ಅಲೆ, ನಿಧಾನದ ಅಲೆ ಎರಡೂ ಬೆರೆತಿರುತ್ತವೆ. ಸ್ನಾಯು ದಣಿದಂತೆ ಅದರ ಎಳೆಗಳಲ್ಲಿ ವಿದ್ಯುತ್ ಸಾಗುವ ವೇಗ ಕಮ್ಮಿಯಾಗುತ್ತೆ. ಆಗ ವೇಗದ ಅಲೆಗಳ ಪಾಲು ಇಳಿದು, ನಿಧಾನದ ಅಲೆಗಳ ಪಾಲು ಏರುತ್ತೆ.

1982ರಲ್ಲಿ ಪ್ರಕಟವಾದ, ಕೆನಡಾದ ಮಾಂಟ್ರಿಯಲ್‌ನ ಅಧ್ಯಯನವೊಂದರಲ್ಲಿ ವೆಂಟಿಲೇಟರ್ ಬಿಡೋಕೆ ಕಷ್ಟಪಡುತ್ತಿದ್ದ 12 ರೋಗಿಗಳಿದ್ದರು. 7 ಜನರಲ್ಲಿ ಈ ಬದಲಾವಣೆ ಕಾಣಿಸ್ತು. ಮೊದಲು ಬದಲಾಗಿದ್ದು ಇಎಂಜಿ. ಆಮೇಲೆ ಉಸಿರಾಟ ಜೋರಾಯ್ತು, ಉಸಿರು ಎಳೆಯುವಾಗ ಹೊಟ್ಟೆ ಒಳಗೆ ಹೋಗತೊಡಗಿತು. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದ್ದು ಕೊನೆಗೆ.

ಹಾಗಾದ್ರೆ ಎಲ್ಲ ಐಸಿಯುನಲ್ಲೂ ಇದನ್ನೇ ಯಾಕೆ ನೆಚ್ಚಿಕೊಂಡಿಲ್ಲ? ಹೃದಯದ ಸಿಗ್ನಲ್ ಇದರಲ್ಲಿ ಬೆರೆತುಹೋಗುತ್ತೆ, ಬೇರ್ಪಡಿಸೋದು ಸುಲಭ ಅಲ್ಲ. ಇನ್ನೊಂದು, ಸ್ವಲ್ಪ ವಿಶ್ರಾಂತಿ ಸಿಕ್ಕರೆ ಕೆಲವೇ ನಿಮಿಷಗಳಲ್ಲಿ ಸಿಗ್ನಲ್ ಸರಿಹೋಗುತ್ತೆ, ಆದರೆ ಸ್ನಾಯುವಿನ ಬಲ ವಾಪಸ್ ಬರೋಕೆ ಎಷ್ಟೋ ಗಂಟೆ ಬೇಕಾಗಬಹುದು. ಹೊಟ್ಟೆ ಒಳಗೆ ಹೋಗೋ ಲಕ್ಷಣವೂ ಅಷ್ಟೇ, ದಣಿವಿಲ್ಲದೆ ಬರೀ ಹೊರೆ ಜಾಸ್ತಿಯಾದಾಗಲೂ ಬರುತ್ತೆ ಅಂತ ಮುಂದಿನ ಅಧ್ಯಯನಗಳು ತೋರಿಸಿದವು. ಹಾಗಾಗಿ ವೈದ್ಯರು ಒಂದೇ ಅಳತೆ ನಂಬಿ ತೀರ್ಮಾನ ಮಾಡಲ್ಲ.

ನಮಗೆ ಇದರಿಂದ ಏನು? ಕೋವಿಡ್ ಬಂದಮೇಲೆ ಎಷ್ಟೋ ಮನೆಗಳಲ್ಲಿ ಪಲ್ಸ್ ಆಕ್ಸಿಮೀಟರ್ ಇದೆ. ಅದು ಆಕ್ಸಿಜನ್ ಮಟ್ಟ ತೋರಿಸುತ್ತೆ, ಅದಕ್ಕಾಗಿ ಸ್ನಾಯು ಎಷ್ಟು ಒದ್ದಾಡ್ತಿದೆ ಅಂತ ತೋರಿಸಲ್ಲ. ಅಜ್ಜಿಗೋ ಅಪ್ಪನಿಗೋ ಒಂದು ವಾಕ್ಯ ಪೂರ್ತಿ ಮಾತಾಡೋಕೆ ಆಗ್ತಿಲ್ಲ, ಕುತ್ತಿಗೆಯ ಸ್ನಾಯು ಎದ್ದು ಕಾಣ್ತಿದೆ, ಉಸಿರು ಎಳೆದಾಗ ಹೊಟ್ಟೆ ಒಳಗೆ ಹೋಗ್ತಿದೆ ಅಂದ್ರೆ, ಬೆರಳಿನ ನಂಬರ್ ಚೆನ್ನಾಗಿದ್ದರೂ ಕಾಯ್ಬೇಡಿ. 108ಕ್ಕೆ ಫೋನ್ ಮಾಡಿ.

ಮುಂದಿನ ವಾರ ಸಿಗೋಣ.