ಏಕತಾರಿ, ಪೇಟಿ ಮತ್ತು ನಮ್ಮ ಭಜನಿ

(ಸಂಘದ ಬೆಳ್ಳಿಹಬ್ಬದ ಎರಡನೆಯ ದಿನ ಸಾಯಂಕಾಲ ಮಾಡಿದ ಭಾಷಣದ ಬರಹರೂಪ)



ಬೆಳಗಿನಿಂದ ತಾವು ಷೇರು ಬಂಡವಾಳ, ಠೇವಣಿ, ಸಾಲ ವಸೂಲಿ ಎಂದು ಕೇಳಿ ಕೇಳಿ ದಣಿದಿದ್ದೀರಿ. ಅದಕ್ಕೇ ಕಾರ್ಯದರ್ಶಿಗಳು ನನ್ನನ್ನು ಕರೆದು, "ಮಾಸ್ತರ, ಭಜನಿ ಬಗ್ಗೆ ನಾಕು ಮಾತು ಹೇಳ್ರಿ, ಮಂದಿ ಎದ್ದು ಹೋಗಬಾರದು ನೋಡ್ರಿ" ಅಂದರು. ನಾನೇನು ಸಂಗೀತ ಕಲಿತವನಲ್ಲ. ಶಾಲೆಯಲ್ಲಿ ಗಣಿತ ಹೇಳಿದವನು, ರಾತ್ರಿ ಪೇಟಿ ಬಾರಿಸಿದವನು. ಅಷ್ಟೇ ನನ್ನ ಅರ್ಹತೆ.

ನಮ್ಮ ಭಜನಿಯ ಕಟ್ಟು ನಿಮಗೆಲ್ಲ ಗೊತ್ತು. ಮುಂದಿನವನು ಒಂದು ಸಾಲು ಬಿಡುತ್ತಾನೆ, ಹಿಂದಿನವರು ಎತ್ತಿಕೊಳ್ಳುತ್ತಾರೆ. ತಾಳ, ದಮ್ಮಡಿ, ತಬಲಾ, ಪೇಟಿ. ಶ್ರಾವಣ ಸೋಮವಾರ ರಾತ್ರಿ ಗಣಪತಿ ಸ್ತುತಿಯಿಂದ ಹಿಡಿದರೆ ಹನ್ನೆರಡನೆಯ ಶತಮಾನದ ಶರಣರ ವಚನ ಬರುತ್ತದೆ. ಅದರ ಹಿಂದೆ ಪುರಂದರದಾಸರು, ಕನಕದಾಸರು. ನಡುರಾತ್ರಿಗೆ ಶಿಶುನಾಳ ಶರೀಫಸಾಹೇಬರು, 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ನಿದ್ದೆ ಬರುವ ಹೊತ್ತಿಗೆ ನಮ್ಮ ಓಣಿಯ ಹುಡುಗನೊಬ್ಬ ತಾನೇ ಕಟ್ಟಿದ ದೇವರ ಪದವನ್ನು ಸಿನಿಮಾ ಧಾಟಿಯಲ್ಲಿ ಎತ್ತುತ್ತಾನೆ. ಬೆಳಗಿನ ಜಾವ ಮಂಗಳಾರತಿ. ಎಂಟು ನೂರು ವರ್ಷ ಒಂದೇ ಕಂಬಳಿಯ ಮೇಲೆ ಕೂತಿರುತ್ತದೆ. ಸಾಲ ತೀರಿಸಿದವನೂ ಬಾಕಿ ಉಳಿಸಿಕೊಂಡವನೂ ಅದೇ ಕಂಬಳಿಯ ಮೇಲೆ. ಬಾಕಿಯವನ ಧ್ವನಿಯೇ ಒಂದು ತೂಕ ಜಾಸ್ತಿ ಎಂಬುದು ಬೇರೆ ಮಾತು.

ಇದರಲ್ಲಿ ಹಳೆಯದು ಯಾವುದು, ಹೊಸದು ಯಾವುದು? ವಚನವನ್ನೇ ನೋಡಿರಿ. ಶರಣರು ಪಲ್ಲವಿ, ನುಡಿ ಇಟ್ಟು ಕಟ್ಟಿದ ಸ್ವರವಚನಗಳು ಬೇರೆ ಇವೆ. ಸಾಮಾನ್ಯ ವಚನಕ್ಕೆ ಪ್ರಾಸ, ಮಾತ್ರೆಗಳ ಕಟ್ಟಿಲ್ಲ. ಅದನ್ನು ತಾಳಕ್ಕೆ ಕೂಡಿಸಬೇಕಾದರೆ ಹಾಡುವವನು ಒಂದು ಶಬ್ದವನ್ನು ಎಳೆದು, ಇನ್ನೊಂದನ್ನು ಒತ್ತಿ, ಅಂಕಿತ ಬಂದಾಗ ಸಮಕ್ಕೆ ತಂದು ನಿಲ್ಲಿಸಬೇಕು. ಧಾರವಾಡ ಹತ್ತಿರದ ಮನಸೂರಿನ ಮಲ್ಲಿಕಾರ್ಜುನ ಮನಸೂರರು, ರಾಯಚೂರು ಕಡೆಯ ಸಿದ್ಧರಾಮ ಜಂಬಲದಿನ್ನಿಯವರು ಹಿಂದೂಸ್ತಾನಿ ರಾಗಗಳಲ್ಲಿ ವಚನ ಹಾಡಿ ತೋರಿಸಿದರು. ನಮ್ಮ ಮ್ಯಾಳದವರು ಅದನ್ನು ರೇಡಿಯೋದಲ್ಲಿ ಕೇಳಿ, ಅರ್ಧ ಹಿಡಿದು, ಅರ್ಧ ತಮ್ಮದು ಸೇರಿಸಿದರು. ಮಾತು ಕಲ್ಯಾಣದ್ದು, ಧಾಟಿ ನಮ್ಮ ಅಪ್ಪಂದಿರ ಕಾಲದ್ದು.

ಇನ್ನು ಪೇಟಿ. ಅದರ ಮೂಲ ಫ್ರಾನ್ಸ್ ದೇಶ. 1842ರಲ್ಲಿ ಪ್ಯಾರಿಸ್ಸಿನಲ್ಲಿ ದೆಬೇನ್ ಎಂಬವರು ಅದಕ್ಕೆ ಹಕ್ಕುಪತ್ರ ಪಡೆದರು. ಕಾಲಿನಿಂದ ತುಳಿದು ಗಾಳಿ ಊದುವ ಆ ವಾದ್ಯವನ್ನು ನೆಲದ ಮೇಲೆ ಕೂತು ಕೈಯಿಂದ ಊದುವಂತೆ ಮಾಡಿದವರು ಕಲ್ಕತ್ತೆಯವರು. ಆಕಾಶವಾಣಿ 1940ರಲ್ಲಿ ಇದನ್ನು ಹೊರಗಿಟ್ಟಿತು, 1971ರಲ್ಲಿ ಆ ಕಟ್ಟು ಸಡಿಲಾಯಿತು. ಪೇಟಿಯಲ್ಲಿ ಒಂದು ಸ್ಥಾಯಿಗೆ ಹನ್ನೆರಡು ಸಮಭಾಗ. ಸ್ವರದಿಂದ ಸ್ವರಕ್ಕೆ ಜಾರಲಿಕ್ಕೆ ದಾರಿ ಇಲ್ಲ, ನಡುವಿನ ಸೂಕ್ಷ್ಮ ಸ್ವರಕ್ಕೆ ಮನೆ ಇಲ್ಲ ಎಂಬುದು ಆಕ್ಷೇಪ. ಇದನ್ನು ಪುಸ್ತಕದಲ್ಲಿ ಓದಿ ನಾನು ನಕ್ಕಿದ್ದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳಂಥವರೇ ಪೇಟಿ ನುಡಿಸಿದ್ದಾರೆ, ನಮ್ಮ ಹಳ್ಳಿಗೆ ಅದೇನು ಕೊರತೆ ಎಂದು.

ಆ ನಗುವಿನ ಬೆಲೆಯನ್ನು ನಮ್ಮ ಮ್ಯಾಳ ತೆತ್ತಿತು. ಅದನ್ನೇ ಇವತ್ತು ಹೇಳಬೇಕೆಂದು ಬಂದಿದ್ದೇನೆ.

ಮ್ಯಾಳದಲ್ಲಿ ಒಬ್ಬ ಅಜ್ಜಾರಿದ್ದರು. ಹಿರಿಯರಿಗೆ ನೆನಪಿರಬೇಕು. ಓದು ಬರಹ ಇಲ್ಲ, ಏಕತಾರಿ ಒಂದೇ ಆಸ್ತಿ. ಏಕತಾರಿ ಒಂದೇ ಸೂರ ಕೊಡುತ್ತದೆ. ಉಳಿದ ಸ್ವರಗಳೆಲ್ಲ ಹಾಡುವವನ ಗಂಟಲಿನಲ್ಲಿರಬೇಕು. ಅಜ್ಜಾರ ಗಾಂಧಾರ ನನ್ನ ಪೇಟಿಯ ಎರಡು ಮನೆಗಳ ನಡುವೆ ಬೀಳುತ್ತಿತ್ತು. ನಾನು ಕೋಮಲ ಒತ್ತಿದರೆ ಅವರು ಮೇಲೆ, ಶುದ್ಧ ಒತ್ತಿದರೆ ಅವರು ಕೆಳಗೆ. ಹುಡುಗರು ಮುಸಿಮುಸಿ ನಗುತ್ತಿದ್ದರು. ಒಂದು ರಾತ್ರಿ ನಾನು ಎಲ್ಲರ ಮುಂದೆ, "ಅಜ್ಜಾರ, ಪೇಟಿಗೆ ಕೂಡಿ ಹಾಡ್ರಿ, ಸೂರ ಬಿಡಬ್ಯಾಡ್ರಿ" ಅಂದೆ. ಅವರು ಸಿಟ್ಟಾಗಲಿಲ್ಲ. "ನಿಮ್ಮ ಪೆಟ್ಟಿಗಿ ದೊಡ್ಡದೈತಿ ಮಾಸ್ತರ, ಆದ್ರ ಅದರಾಗ ನನ್ನ ಜಾಗಾ ಇಲ್ಲ" ಅಂದು ಪದ ಮುಗಿಸಿದರು. ಮುಂದಿನ ಸೋಮವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ನಾನೂ ಕರೆಯಲು ಹೋಗಲಿಲ್ಲ. ಮಾಸ್ತರಿಕೆಯ ಬಿಗುಮಾನ, ಇನ್ನೇನು.

ಅದೇ ಹೊತ್ತಿಗೆ 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಬಂತು. ಸಿ. ಅಶ್ವಥ್ ಅವರ ಧ್ವನಿ, ಅವರದೇ ಸಂಗೀತ. ಶರೀಫರನ್ನು ಬೆಂಗಳೂರಿನ ಮನೆಮನೆಗೆ ಮುಟ್ಟಿಸಿದ ಪುಣ್ಯ ಅವರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಹುಡುಗರು ಕ್ಯಾಸೆಟ್ಟಿನ ಧಾಟಿಯೊಂದನ್ನೇ ಸರಿ ಎಂದು ಹಿಡಿದರು. ನಮ್ಮ ಊರಲ್ಲಿ ಅದೇ ಪದಗಳಿಗೆ ಬೇರೆ ಧಾಟಿ ಇತ್ತು, ಪಕ್ಕದ ಊರಲ್ಲಿ ಮತ್ತೊಂದು. ಆ ಧಾಟಿಗಳು ಇದ್ದದ್ದು ಅಜ್ಜಾರಂಥವರ ಗಂಟಲಿನಲ್ಲಿ. ಮೂರು ನಾಲ್ಕು ವರ್ಷಗಳಲ್ಲಿ ಮ್ಯಾಳಕ್ಕೆ ಬರುವವರು ಇಪ್ಪತ್ತರಿಂದ ಐದಕ್ಕೆ ಇಳಿದರು. ಕೇಳಿದ ಹಾಡನ್ನೇ ಕೇಳಲು ರಾತ್ರಿಯೆಲ್ಲ ಯಾಕೆ ಕೂಡಬೇಕು ಹೇಳಿರಿ.

ಮ್ಯಾಳ ಮತ್ತೆ ಎದ್ದದ್ದು ಹೆಂಗಸರಿಂದ. ಬೀಸುವ ಪದ, ಸೋಬಾನ ಪದ ಅವರದು, ಭಜನಿ ಗಂಡಸರದು ಎಂದು ನಾವೇ ಗೆರೆ ಎಳೆದುಕೊಂಡಿದ್ದೆವು. ಅಜ್ಜಾರು ತೀರಿಕೊಂಡ ಮೇಲೆ ಒಂದು ದಿನ ಅವರ ಮೊಮ್ಮಗಳು ಏಕತಾರಿ ಹಿಡಿದು, ಜೊತೆಗೆ ನಾಲ್ವರು ಗೆಳತಿಯರನ್ನು ಕಟ್ಟಿಕೊಂಡು, ಗೊಬ್ಬರದ ಗೋದಾಮಿನ ಪಡಸಾಲೆಗೆ ಬಂದಳು. "ಮಾಸ್ತರ, ನಮಗೂ ಹಾಡಾಕ ಬರ್ತದ" ಅಂದಳು. ಕೆಲವರಿಗೆ ಸರಿಬರಲಿಲ್ಲ, ಇಬ್ಬರು ಎದ್ದು ಹೋದರು. ಎದ್ದು ಹೋದವರಲ್ಲಿ ಒಬ್ಬರು ಇವತ್ತು ಈ ಸಭೆಯ ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದಾರೆ!

ನಿಜವಾದ ತೊಡಕು ಸೂರದ್ದು. ಗಂಡಸರು ಕಪ್ಪು ಒಂದರಲ್ಲಿ ಹಾಡುವವರು. ಹೆಂಗಸರಿಗೆ ಕಪ್ಪು ನಾಲ್ಕು ಬೇಕು. ಕಪ್ಪು ಒಂದರಲ್ಲಿ ಪಲ್ಲವಿ ಹಾಡಿದರೆ ಅವರ ಧ್ವನಿ ನೆಲಕ್ಕೆ ಹತ್ತುತ್ತದೆ, ಒಂದು ಸ್ಥಾಯಿ ಮೇಲೆ ಹೋದರೆ ಕಿರುಚಾಟ. ಎರಡು ವಾರ ಜಗಳವಾಯಿತು. ಕೊನೆಗೆ ದಾರಿ ತೋರಿಸಿದವಳು ಅದೇ ಹುಡುಗಿ. ಪಲ್ಲವಿ ಕೆಳಗೆ ಓಡಾಡುತ್ತದೆ, ಅದು ಗಂಡಸರಿಗಿರಲಿ. ನುಡಿ ಮೇಲಿನ ಷಡ್ಜಕ್ಕೆ ಹತ್ತುವಾಗ ಗಂಡಸರು ಕೊರಳ ನರ ಉಬ್ಬಿಸಿ ಕೂಗುತ್ತಾರಲ್ಲ, ಆ ಎತ್ತರ ಹೆಂಗಸರಿಗೆ ನಡುಧ್ವನಿ. ಅಲ್ಲಿ ನಾವು ಎತ್ತಿಕೊಳ್ಳುತ್ತೇವೆ ಅಂದಳು. ಹಾಡಿ ನೋಡಿದೆವು. ಪಲ್ಲವಿಯಿಂದ ನುಡಿಗೆ ಹೋಗುವಾಗ ಪಡಸಾಲೆಯ ತಗಡು ಗುಂಯ್ ಅಂದಿತು. ನಲವತ್ತು ವರ್ಷ ಗಣಿತ ಹೇಳಿದ ನನಗೆ ಇಷ್ಟು ಸಣ್ಣ ಲೆಕ್ಕ ಹೊಳೆದಿರಲಿಲ್ಲ.

ಈಗ ಒಬ್ಬ ಹುಡುಗ ಕೀಬೋರ್ಡೂ ತಂದಿದ್ದಾನೆ. ಬೇಡ ಎನ್ನಲಿಕ್ಕೆ ನನಗೆ ಬಾಯಿಲ್ಲ, ನಾನೇ ಫ್ರಾನ್ಸಿನ ಪೆಟ್ಟಿಗೆ ಬಾರಿಸಿದವನು. ಒಂದು ಕರಾರು ಮಾತ್ರ ಹಾಕಿಕೊಂಡಿದ್ದೇವೆ: ಪ್ರತಿ ಭಜನಿಯಲ್ಲಿ ಎರಡು ಪದ ಬರೀ ಏಕತಾರಿ, ದಮ್ಮಡಿಯ ಮೇಲೆ. ಆಗ ನಾನು ಪೇಟಿಯ ಬಾತಿ ಮುಚ್ಚಿ ಹಿಂದೆ ಕೂಡುತ್ತೇನೆ. ಆ ಹುಡುಗಿಯ ಗಾಂಧಾರವೂ ಅಜ್ಜಾರ ಗಾಂಧಾರದ ಹಾಗೆ ಎರಡು ಮನೆಗಳ ನಡುವೆಯೇ ಬೀಳುತ್ತದೆ. ಹುಡುಗರು ಯಾರೂ ನಗುವುದಿಲ್ಲ, ಅದನ್ನೇ ಹಿಡಿಯಲು ಒದ್ದಾಡುತ್ತಾರೆ.

ಅಜ್ಜಾರು ಹಾಡುತ್ತಿದ್ದ ಪದಗಳಲ್ಲಿ ಹನ್ನೊಂದು ಮಾತ್ರ ಸಿಕ್ಕಿವೆ. ಬಿತ್ತುವ ಕೂರಿಗೆಯನ್ನು ದೇಹಕ್ಕೆ ಹೋಲಿಸಿದ ಒಂದು ತತ್ವಪದವಿದೆ. ಅದರ ಪಲ್ಲವಿ, ಎರಡು ನುಡಿ ಇವೆ, ಮೂರನೆಯ ನುಡಿ ಯಾರಿಗೂ ಬರುತ್ತಿಲ್ಲ. ಇವತ್ತು ರಾತ್ರಿ ಊಟವಾದ ಮೇಲೆ ಗೋದಾಮಿನ ಪಡಸಾಲೆಯಲ್ಲಿ ಭಜನಿ ಇದೆ. ಹಿರಿಯರೇ, ಅವ್ವಂದಿರೇ, ಬೇರೆ ಊರಿಗೆ ಕೊಟ್ಟು ಈ ಹಬ್ಬಕ್ಕೆ ತವರಿಗೆ ಬಂದ ಅಕ್ಕತಂಗಿಯರೇ, ನಿಮಗೆ ಯಾರಿಗಾದರೂ ಅದು ನೆನಪಿದ್ದರೆ ಬರ್ರಿ. ಪೂರ್ತಿ ಬರದಿದ್ದರೂ ನಡೆಯುತ್ತದೆ, ಎರಡು ಶಬ್ದ ಇದ್ದರೂ ಹೇಳಿರಿ. ಹುಡುಗರು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳುತ್ತಾರೆ.