ಒಡೆದ ಹಡಗಿನಿಂದ ಹೊಸ ನೌಕೆ



1887ರ ಕೊನೆಯಲ್ಲಿ ಬ್ರೆಜಿಲ್ ಕರಾವಳಿಯಲ್ಲಿ ಜೋಶುವಾ ಸ್ಲೋಕಮ್ ಎಂಬ ನಾವಿಕನ ಹಡಗು ಮರಳದಿಣ್ಣೆಗೆ ಸಿಕ್ಕಿ ನಾಶವಾಯಿತು. ಮಡದಿ ಹಾಗೂ ಇಬ್ಬರು ಮಕ್ಕಳೊಡನೆ ಪರದೇಶದಲ್ಲಿ ನಿಂತ ಆತನು ಎದೆಗುಂದಲಿಲ್ಲ. ಉಳಿದ ಸಾಮಗ್ರಿಗೆ ಅಲ್ಲಿಯ ಕಾಡಿನ ಮರವನ್ನು ಸೇರಿಸಿ 35 ಅಡಿಯ ನೌಕೆಯನ್ನು ಕಟ್ಟಿದನು. ಮಡದಿ ಹಾಯಿಗಳನ್ನು ಹೊಲಿದಳು. ಆರಿಸಿದ್ದು ಚೀನೀಯರ ಮಾದರಿಯ ಹಾಯಿ. ಅದರಲ್ಲಿ ಅಡ್ಡಪಟ್ಟಿಗಳಿರುವುದರಿಂದ ಬಿರುಗಾಳಿ ಬಂದೊಡನೆ ಮಡಿಕೆ ಮಡಿಕೆಯಾಗಿ ಇಳಿಸಬಹುದು. ಕೆಲವೇ ಕೈಗಳು ಸಾಕು. ಬ್ರೆಜಿಲಿನ ಗುಲಾಮರಿಗೆ ಬಿಡುಗಡೆಯಾದ 1888ರ ಮೇ 13ರಂದೇ ನೀರಿಗಿಳಿದ ಆ ನೌಕೆಗೆ ‘ಲಿಬರ್ದಾದೆ’, ಎಂದರೆ ಸ್ವಾತಂತ್ರ್ಯ, ಎಂದು ಹೆಸರಾಯಿತು. ಸುಮಾರು 5,500 ಮೈಲಿ ಸಾಗಿ ನಾಲ್ವರೂ ಸುಖವಾಗಿ ಅಮೆರಿಕದ ತೀರ ಸೇರಿದರು.

ಮಕ್ಕಳೇ, ಕಳೆದುದಕ್ಕೆ ಮರುಗುತ್ತ ಕೂರದೆ ಉಳಿದುದರಿಂದ ಕಟ್ಟಿರಿ. ಅನ್ಯರ ಜಾಣ್ಮೆಯನ್ನು ಕಲಿಯಲು ನಾಚದಿರಿ.