ಯಂತ್ರ ಸವೆಯುತ್ತೆ, ಲೆಕ್ಕ ಎಲ್ಲಿದೆ?

ಸುಲಿಗೆ ಅನ್ನೋ ಮಾತಿಗೆ ಬೆಂಗಳೂರಲ್ಲಿ ಒಂದರ್ಥ, ಮಲೆನಾಡಲ್ಲಿ ಇನ್ನೊಂದರ್ಥ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಸುಲಿಗೆ ಶುರುವಾಯ್ತು ಅಂದ್ರೆ ಪೊಲೀಸರಿಗೆ ಫೋನ್ ಮಾಡೋ ವಿಷಯ ಅಲ್ಲ, ಅಡಿಕೆ ಕೊಯ್ಲು ಬಂತು ಅಂತ. ಒಂದು ಕಾಲಕ್ಕೆ ಮನೆಮಂದಿಯೆಲ್ಲ ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ಕಳೆಯುತ್ತಿದ್ದರು. ಈಗ ಸುಲಿಯೋ ಯಂತ್ರ ಪಿಕಪ್ ಗಾಡಿ ಏರಿ ಮನೆಯಿಂದ ಮನೆಗೆ ಹೋಗುತ್ತೆ. ಅದರ ಹಿಂದೆ ಒಬ್ಬ ಹುಡುಗ ಇರ್ತಾನೆ, ಅವನ ಹಿಂದೆ ಬ್ಯಾಂಕಿನ ಸಾಲ ಇರುತ್ತೆ.

ಇವತ್ತಿನ ಪ್ರಶ್ನೆ ಆ ಹುಡುಗನಿಗೆ. ಸೀಸನ್ ಮುಗಿದ ಮೇಲೆ ಕೈಯಲ್ಲಿ ಉಳಿದ ದುಡ್ಡನ್ನ ಲಾಭ ಅಂತೀಯಲ್ಲಪ್ಪ, ಅದರಲ್ಲಿ ಲಾಭ ಎಷ್ಟು, ಯಂತ್ರ ಎಷ್ಟು?

ನಾನು ಇಂಜಿನಿಯರಿಂಗ್ ಓದಿದವನು. ಬೇರಿಂಗ್ ಹೇಗೆ ಸವೆಯುತ್ತೆ, ಬ್ಲೇಡ್ ಯಾಕೆ ಮೊಂಡಾಗುತ್ತೆ ಅಂತ ನಮಗೆ ಹೇಳಿಕೊಟ್ಟರು. ಆ ಸವೆತಕ್ಕೆ ರೂಪಾಯಿ ಲೆಕ್ಕದಲ್ಲಿ ಇನ್ನೊಂದು ಹೆಸರಿದೆ: ಸವಕಳಿ, ಅಂದ್ರೆ ಡೆಪ್ರಿಸಿಯೇಷನ್. ಯಂತ್ರ ಕೊಂಡ ವರ್ಷವೇ ಪೂರ್ತಿ ಬೆಲೆಯನ್ನು ಖರ್ಚು ಅಂತ ತೋರಿಸೋ ಹಾಗಿಲ್ಲ. ವರ್ಷ ವರ್ಷ ಸ್ವಲ್ಪ ಸ್ವಲ್ಪ ಕಳೆಯಬೇಕು. 1961ರ ಆದಾಯ ತೆರಿಗೆ ಕಾಯ್ದೆಯ 32ನೇ ಸೆಕ್ಷನ್ ಹೇಳೋದು ಇದನ್ನೇ. 2026ರ ಏಪ್ರಿಲ್ 1ರಿಂದ ಅದರ ಜಾಗಕ್ಕೆ 2025ರ ಹೊಸ ಕಾಯ್ದೆ. ಸವಕಳಿಯ ಚೌಕಟ್ಟು ಅಲ್ಲೂ ಉಳಿದಿದೆ.

ದರಗಳು ಸರಳ. ಸಾಮಾನ್ಯ ಯಂತ್ರಕ್ಕೆ ಶೇ. 15, ಕಂಪ್ಯೂಟರಿಗೆ ಶೇ. 40, ಪೀಠೋಪಕರಣಕ್ಕೆ ಶೇ. 10. ಆಗುಂಬೆ ಮಳೆಯಲ್ಲಿ ತುಕ್ಕು ಹಿಡಿಯೋ ಯಂತ್ರಕ್ಕೂ ಬಳ್ಳಾರಿ ಬಿಸಿಲಲ್ಲಿ ನಿಂತ ಯಂತ್ರಕ್ಕೂ ಒಂದೇ ದರ. ಕಾಯ್ದೆಗೆ ಮಲೆನಾಡಿನ ಮಳೆ ಗೊತ್ತಿಲ್ಲ.

ಲೆಕ್ಕ ನೋಡಿ. ಯಂತ್ರದ ಬೆಲೆ 3 ಲಕ್ಷ ಅಂತಿಟ್ಟುಕೊಳ್ಳಿ. ಮೊದಲ ವರ್ಷ ಶೇ. 15, ಅಂದ್ರೆ 45,000 ಕಳೆಯಿತು. ಉಳಿದದ್ದು 2,55,000. ಎರಡನೇ ವರ್ಷದ ಶೇ. 15 ಲೆಕ್ಕ ಹಾಕೋದು ಮೂಲ ಬೆಲೆಯ ಮೇಲಲ್ಲ, ಈ ಉಳಿದದ್ದರ ಮೇಲೆ. 38,250. ಹೀಗೆ ಐದು ವರ್ಷ ಆಗೋಷ್ಟರಲ್ಲಿ ಪುಸ್ತಕದಲ್ಲಿ ಉಳಿಯೋದು ಸುಮಾರು 1,33,000.

ಇಲ್ಲೊಂದು ಪಂಚಾಂಗದ ತಕರಾರು ಇದೆ. ಕೊಂಡ ವರ್ಷ ಯಂತ್ರ 180 ದಿನಕ್ಕಿಂತ ಕಡಿಮೆ ಬಳಕೆಯಲ್ಲಿದ್ದರೆ ಆ ವರ್ಷ ಅರ್ಧ ಸವಕಳಿ ಮಾತ್ರ. ಮಾರ್ಚ್ 31ರಿಂದ ಹಿಂದಕ್ಕೆ ಎಣಿಸಿದರೆ ಗಡಿ ನಿಲ್ಲೋದು ಅಕ್ಟೋಬರ್ 3ಕ್ಕೆ. ನಮ್ಮಲ್ಲಿ ಹೊಸ ಯಂತ್ರಕ್ಕೆ ಕುಂಕುಮ ಇಡೋದು ಆಯುಧಪೂಜೆ ದಿನ. 2025ರಲ್ಲಿ ಆಯುಧಪೂಜೆ ಅಕ್ಟೋಬರ್ 1ಕ್ಕೆ ಬಂತು. ಅವತ್ತೇ ಕೆಲಸಕ್ಕೆ ಹಚ್ಚಿದ್ದರೆ 182 ದಿನ, ಪೂರ್ತಿ 45,000. 2024ರಲ್ಲಿ ಅಕ್ಟೋಬರ್ 11ಕ್ಕೆ ಬಂದಿತ್ತು. 172 ದಿನ, ಬರೀ 22,500. ಪೂಜೆ ಒಂದೇ, ಯಂತ್ರ ಒಂದೇ, ಸವಕಳಿ ಅರ್ಧ! ಹಾಗಂತ ಗಾಬರಿ ಬೇಡ. ಬಿಟ್ಟುಹೋದ ಅರ್ಧ ಮುಳುಗಿಹೋಗಲ್ಲ, ಪುಸ್ತಕದ ಬೆಲೆಯಲ್ಲೇ ಉಳಿದು ಮುಂದಿನ ವರ್ಷಗಳಲ್ಲಿ ಸಿಗುತ್ತೆ. ಆದರೆ ಹೇಗೂ ಕೊಳ್ಳೋ ಯಂತ್ರವನ್ನು ಸೆಪ್ಟೆಂಬರಲ್ಲೇ ಕೊಂಡು ಕೆಲಸಕ್ಕೆ ಹಚ್ಚೋದು ಜಾಣತನ. ಗೋಡೌನಿನಲ್ಲಿ ಸುಮ್ಮನೆ ಇಟ್ಟರೆ ಲೆಕ್ಕಕ್ಕೆ ಬರಲ್ಲ.

ಈಗ ಯಾರಿಗೆ ಇದು ಅನ್ವಯ, ಯಾರಿಗೆ ಇಲ್ಲ? ಸ್ವಂತ ತೋಟದ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕಿದರೆ ಅದು ಕೃಷಿ ಆದಾಯ. ಅದಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ, ಹಾಗಾಗಿ ಸವಕಳಿ ಕೇಳೋ ಪ್ರಶ್ನೆಯೂ ಇಲ್ಲ. ಊರವರ ಅಡಿಕೆಯನ್ನು ಕೂಲಿಗೆ ಸುಲಿದುಕೊಟ್ಟರೆ ಅದು ವ್ಯವಹಾರ. ಅದೇ ಯಂತ್ರ ಎರಡಕ್ಕೂ ಓಡಿದರೆ? ವ್ಯವಹಾರದ ಪಾಲಿಗೆ ಎಷ್ಟೋ ಅಷ್ಟಕ್ಕೆ ಮಾತ್ರ ಸವಕಳಿ. ಎಷ್ಟು ಕ್ವಿಂಟಲ್ ನಮ್ಮದು, ಎಷ್ಟು ಊರವರದು ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ.

ಇನ್ನು ನಮ್ಮ ದೊಡ್ಡ ಕಾಯಿಲೆ, ಕ್ಯಾಶ್. ಯಂತ್ರ ಮಾರಿದವರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಹಣ ಯಂತ್ರದ ಬೆಲೆಯಲ್ಲಿ ಲೆಕ್ಕಕ್ಕೇ ಇಲ್ಲ. 3 ಲಕ್ಷವನ್ನು ನೋಟಿನ ಕಟ್ಟಲ್ಲಿ ಎಣಿಸಿ ಕೊಟ್ಟವನ ಯಂತ್ರಕ್ಕೆ ಕಾಯ್ದೆಯ ಕಣ್ಣಲ್ಲಿ ಬೆಲೆ ಸೊನ್ನೆ, ಸವಕಳಿಯೂ ಸೊನ್ನೆ. ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ ಅನ್ನೋ ಅಂಗಡಿಯವರ ಮಾತು ಕೇಳೋ ಮುಂಚೆ ಇದನ್ನ ನೆನಪಿಡಿ. ಸರ್ಕಾರ ಯಂತ್ರಕ್ಕೇ ಅಂತ ಸಹಾಯಧನ ಕೊಟ್ಟಿದ್ದರೆ ಅಷ್ಟನ್ನು ಬೆಲೆಯಲ್ಲಿ ಕಳೆಯಬೇಕು. ಜಿಎಸ್‌ಟಿಗೆ ಕ್ರೆಡಿಟ್ ತಗೊಂಡಿದ್ದರೆ ಆ ತೆರಿಗೆಯ ಮೇಲೆ ಮತ್ತೆ ಸವಕಳಿ ಇಲ್ಲ. ಒಂದು ಅಡಿಕೆಯನ್ನ ಎರಡು ಸಲ ಸುಲಿಯೋಕಾಗಲ್ಲ.

ಹಾಳೆತಟ್ಟೆ ಮಾಡೋರಿಗೆ ಒಂದು ಮಾತು. ಅದು ತಯಾರಿಕೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರೋರು ಹೊಸ ಯಂತ್ರಕ್ಕೆ ಶೇ. 20 ಹೆಚ್ಚುವರಿ ಸವಕಳಿ ಕೇಳಬಹುದು. ಹೊಸ ಪದ್ಧತಿಯಲ್ಲಿ ಅದಿಲ್ಲ. ಯಾವುದು ಲಾಭ ಅಂತ ಆಡಿಟರ್ ಹತ್ತಿರ ಎರಡೂ ಲೆಕ್ಕ ಹಾಕಿಸಿ.

ನೀವು ಕೇಳಬಹುದು: ಸರ್, ನಾವು 44ಎಡಿಯಲ್ಲಿ ವಹಿವಾಟಿನ ಶೇ. 8 ಲಾಭ ಅಂತ ತೋರಿಸಿ ಮುಗಿಸ್ತೀವಿ. ಮೇಲಾಗಿ 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯೇ ಇಲ್ಲ. ಈ ರಾಮಾಯಣ ನಮಗ್ಯಾಕೆ?

ನ್ಯಾಯವಾದ ಪ್ರಶ್ನೆ. ಆದರೆ ಗಮನಿಸಿ. ಶೇ. 8 ಅಂತ ಒಪ್ಪಿದ ಮೇಲೆ ಸವಕಳಿ ಅದರೊಳಗೇ ಸಿಕ್ಕಿಬಿಟ್ಟಿದೆ ಅಂತ ಕಾಯ್ದೆ ತಿಳಿಯುತ್ತೆ. ನೀವು ಕೇಳದಿದ್ದರೂ ಪುಸ್ತಕದಲ್ಲಿ ಯಂತ್ರದ ಬೆಲೆ ಇಳೀತಾನೇ ಇರುತ್ತೆ. ಪೂರ್ತಿ ಲೆಕ್ಕ ಇಡೋರಿಗೂ ಈ ವರ್ಷ ಬೇಡ, ಮುಂದಿನ ವರ್ಷ ತಗೋತೀನಿ ಅನ್ನೋ ಆಯ್ಕೆ ಇಲ್ಲ. ನೀವು ಲೆಕ್ಕ ಹಾಕಿ, ಬಿಡಿ, ಸವಕಳಿ ನಡೀತಾನೇ ಇರುತ್ತೆ. ಕಾಯ್ದೆಯಲ್ಲೂ ಹಾಗೇ, ಕೊಟ್ಟಿಗೆಯಲ್ಲಿ ನಿಂತ ಯಂತ್ರದಲ್ಲೂ ಹಾಗೇ.

ಹಾಗಾಗಿ ನಾನು ಹೇಳೋದು, ಈ ಲೆಕ್ಕ ತೆರಿಗೆ ಅಧಿಕಾರಿಗಿಂತ ಮೊದಲು ನಿಮಗೆ ಬೇಕು. ಸೀಸನ್ನಿಗೆ 300 ಕ್ವಿಂಟಲ್ ಸುಲಿದಿರಿ ಅಂತಿಟ್ಟುಕೊಳ್ಳಿ. 45,000 ಸವಕಳಿಯನ್ನು ಹಂಚಿದರೆ ಕೆಜಿಗೆ ಒಂದೂವರೆ ರೂಪಾಯಿ. ಡೀಸೆಲ್, ಕೂಲಿ, ಬಡ್ಡಿ ಎಲ್ಲ ಕಳೆದ ಮೇಲೆ ಈ ಒಂದೂವರೆ ರೂಪಾಯಿ ಯಂತ್ರದ್ದು, ನಿಮ್ಮದಲ್ಲ. ಎಲೆಚುಕ್ಕೆ ರೋಗ, ಕೊಳೆ ರೋಗ ಬಂದು ಫಸಲು ಬಿದ್ದು 200 ಕ್ವಿಂಟಲ್‌ಗೆ ಇಳಿದರೆ ಅದೇ ಸವಕಳಿ ಕೆಜಿಗೆ ಎರಡೂಕಾಲು ರೂಪಾಯಿ ಆಗುತ್ತೆ. ಅಡಿಕೆ ಕಡಿಮೆ ಬಂತು ಅಂತ ಯಂತ್ರದ ಸಾಲ ಕಡಿಮೆ ಆಗಲ್ಲ. ಪಕ್ಕದವನು ಒಂದು ರೂಪಾಯಿ ಇಳಿಸಿದ ಅಂತ ನೀವೂ ಇಳಿಸಿದರೆ ಊರಿಗೆ ಅಗ್ಗವಾಗಿ ಹಂಚ್ತಿರೋದು ನಿಮ್ಮ ಯಂತ್ರವನ್ನೇ. ಆರನೇ ವರ್ಷ ಅದು ಕೈಕೊಟ್ಟಾಗ ಮತ್ತೆ ಸಾಲಕ್ಕೆ ಅರ್ಜಿ.

ಪೂರ್ತಿ ಲೆಕ್ಕಪತ್ರ ಇಟ್ಟೋರಿಗೆ ಅಂಥ ಕೆಟ್ಟ ವರ್ಷದಲ್ಲಿ ಒಂದು ಆಸರೆ ಇದೆ. ಆದಾಯ ಸಾಲದೆ ಉಳಿದ ಸವಕಳಿಯನ್ನು ಮುಂದಿನ ವರ್ಷಗಳಿಗೆ ಒಯ್ಯಬಹುದು. ವ್ಯಾಪಾರದ ನಷ್ಟಕ್ಕೆ ಎಂಟು ವರ್ಷದ ಮಿತಿ ಇದೆ, ಸವಕಳಿಗೆ ಮಿತಿ ಇಲ್ಲ. ಕಾಗದ ಇರಬೇಕು, ಅಷ್ಟೇ.

ಮಾಡಬೇಕಾದ್ದು ಮೂರೇ. ಒಂದು, ಯಂತ್ರಕ್ಕೆ ಬ್ಯಾಂಕಿನ ಮೂಲಕವೇ ಹಣ ಕೊಟ್ಟು ಬಿಲ್ ಕೇಳಿ ತಗೊಳ್ಳಿ. ಎರಡು, ಕೆಲಸಕ್ಕೆ ಹಚ್ಚಿದ ದಿನಾಂಕ ಬರೆದಿಡಿ. ಮೊದಲ ಸುಲಿಗೆಯ ರಸೀದಿ ಇದ್ದರೆ ಇನ್ನೂ ಒಳ್ಳೇದು. ಮೂರು, ಊರಿನ ಸೊಸೈಟಿಯಲ್ಲೇ ಆಗಲಿ, ಪೋಸ್ಟಾಫೀಸಲ್ಲೇ ಆಗಲಿ, ಯಂತ್ರದ ಹೆಸರಲ್ಲಿ ಒಂದು ಖಾತೆ ಇಟ್ಟುಕೊಂಡು ಪ್ರತಿ ವರ್ಷದ ಸವಕಳಿಯಷ್ಟನ್ನು ಅಲ್ಲಿ ಹಾಕಿ. ಮದುವೆ ಮನೆಗೆ, ಬೈಕಿಗೆ ಅದನ್ನ ಮುಟ್ಟಬೇಡಿ. ಅಡಿಕೆ ಸುಲಿದು ಬಂದ ದುಡ್ಡಲ್ಲಿ ಮೊದಲ ಪಾಲು ಯಂತ್ರದ್ದು, ಉಳಿದದ್ದು ನಿಮ್ಮ ಮನೆಯದು.